ಹಗ್ಗದ ಮಂಚದ ಗುರಿಕಾರರು

ನಲವತ್ತು ವರ್ಷ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಗಂಜಿ ಬಡಿಸಿದವನು ನಾನು. ಕೇಳಿದವರು ನಗುತ್ತಾರೆ, ನಗಲಿ. ಬೇರೆ ಊರುಗಳ ಸರದಾರರು ಯುದ್ಧಕ್ಕೆ ಹೋಗಿ ಕೈಯೋ ಕಾಲೋ ಕಳೆದುಕೊಂಡು ಬರುತ್ತಾರೆ. ನಾನು ಹಂಡೆಯ ಹಬೆಗೆ ಕೊಟ್ಟದ್ದು ಬಲಗೈ ಮೇಲಿನ ರೋಮ ಮಾತ್ರ. ನಮ್ಮದು ಕುದುರೆ ಏರುವ ಸನ್ಯಾಸಿಗಳ ಮಠ. ಬಿಳಿ ನಿಲುವಂಗಿ, ಎದೆಯ ಮೇಲೆ ಹಸಿರು ಶಿಲುಬೆ, ಕೈಯಲ್ಲಿ ಕತ್ತಿಯೋ ಸೌಟೋ, ಆ ಹೊತ್ತಿಗೆ ಯಾವುದು ಬೇಕೋ ಅದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಉಪ್ಪಿನ ಗದ್ದೆ, ನಡುವೆ ಊರು, ಊರಿನ ನಡುವೆ ನಮ್ಮ ನಲವತ್ತು ಮಂಚದ ಆಸ್ಪತ್ರೆ. ಮಠಕ್ಕೆ ಸೇರುವ ದಿನ ನಾವು ಮಾಡುವ ಆಣೆ ಎರಡೇ ಮಾತಿನದು: ರೋಗಿಯೇ ಒಡೆಯ, ಒಡೆಯನನ್ನು ಬಾಗಿಲಿನಿಂದ ಹಿಂದೆ ಕಳಿಸಬಾರದು.

ಬೇರೆ ಮಠದವರೂ ಇಂಥ ಆಣೆ ಮಾಡುತ್ತಾರಂತೆ. ಮಾಡಿ, ಭಾನುವಾರದ ಪ್ರವಚನದಲ್ಲಿ ಒಮ್ಮೆ ನೆನೆದು, ಊಟದ ಹೊತ್ತಿಗೆ ಮರೆಯುತ್ತಾರಂತೆ. ನಮ್ಮಲ್ಲಿ ಮರೆಯುವ ಹಾಗಿಲ್ಲ. ಪೂರ್ವದ ಕಿಟಕಿಯ ಕೆಳಗೆ ತೆಂಗಿನ ನಾರಿನ ಹಗ್ಗದಲ್ಲಿ ಹೆಣೆದ ಒಂದು ಮಂಚವಿದೆ. ಅದರ ಮೇಲೆ ಮಲಗಿದ ರೋಗಿ ಯಾರೇ ಆಗಿರಲಿ, ಅವನೇ ಮಠದ ದೊಡ್ಡ ಗುರಿಕಾರ. ಅಧಿಕಾರದ ಬೆಳ್ಳಿಕಟ್ಟಿನ ಕೋಲು ಅವನ ಕೈಗೆ ಬರುತ್ತದೆ. ಎಪ್ಪತ್ತು ಸರದಾರರೂ ಎಪ್ಪತ್ತು ಕುದುರೆಗಳೂ ಅವನ ಮಾತಿನಂತೆ ನಡೆಯಬೇಕು. ಮಲಗಿದವನಿಗೆ ಕಾಯಿಲೆ ಇರುವಷ್ಟು ದಿನ ಹಗ್ಗ ಬಿಗಿಯಾಗಿ ಹಿಡಿದಿರುತ್ತದೆ. ಗುಣವಾಗುತ್ತ ಬಂದಂತೆ ದಿನಕ್ಕೊಂದು ಬೆರಳಿನಷ್ಟು ಸಡಿಲಾಗಿ ಕೆಳಗಿಳಿಯುತ್ತದೆ. ಪೂರ್ತಿ ವಾಸಿಯಾದ ದಿನ ಬೆನ್ನು ನೆಲಕ್ಕೆ ತಾಗುತ್ತದೆ. ಆಗ ಎದ್ದು, ಕೋಲನ್ನು ದಿಂಬಿನ ಮೇಲಿಟ್ಟು ಮನೆಗೆ ಹೋಗಬೇಕು. ಉಳಿದ ಮಂಚಗಳಲ್ಲಿ ಯಾರು ಹೆಚ್ಚು ದಿನದಿಂದ ಮಲಗಿದ್ದಾರೋ ಅವರು ಈ ಮಂಚಕ್ಕೆ ಬರುತ್ತಾರೆ. ಸತ್ತವರನ್ನು ಮಾತ್ರ ಹಗ್ಗ, ನಾವು ಎತ್ತುವವರೆಗೂ ಬಿಡುವುದಿಲ್ಲ. ಆರೋಗ್ಯವಂತ ಯಾರಾದರೂ ಕಳ್ಳನರಳಾಟ ಮಾಡಿಕೊಂಡು ಮಲಗಿದರೆ ದೊಪ್ಪನೆ ನೆಲಕ್ಕೆ ಬೀಳುತ್ತಾನೆ. ಹಗ್ಗ ಬದಲಿಸಿದವರಿದ್ದಾರೆ, ಮಂಚದ ಕಾಲು ಬದಲಿಸಿದವರಿದ್ದಾರೆ. ಮಂಚ ತನ್ನ ಬುದ್ಧಿ ಬದಲಿಸಲಿಲ್ಲ.

ನಾನು ಎಂಥೆಂಥ ಗುರಿಕಾರರನ್ನು ಕಂಡಿದ್ದೇನೆ! ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಕಳ್ಳಿಳಿಸುವವನೊಬ್ಬ, ಮಲಗಿದಲ್ಲಿಂದಲೇ ಮಾಡು ಸೋರುವ ಜಾಗ ಎಣಿಸಿ, ಎಪ್ಪತ್ತು ಸರದಾರರನ್ನೂ ಹೆಂಚು ಹೊದಿಸಲು ಹತ್ತಿಸಿದ. ವಾಂತಿಭೇದಿಯ ಕಳ್ಳನೊಬ್ಬ ಉಗ್ರಾಣದ ಬೀಗದ ಕೈಗಳನ್ನೆಲ್ಲ ರೋಗಿಗಳ ತಲೆದೆಸೆಯ ಮೊಳೆಗೆ ತೂಗುಹಾಕಿಸಿದ. ಅಂದಿನಿಂದ ಉಗ್ರಾಣದಲ್ಲಿ ಒಂದು ಬೆಲ್ಲದಚ್ಚೂ ಕಾಣೆಯಾಗಲಿಲ್ಲ. ಮಾತೇ ಬಾರದ ಅಜ್ಜಿಯೊಬ್ಬಳು ಹದಿನಾಲ್ಕು ತಿಂಗಳು ಹುಬ್ಬಿನಲ್ಲೇ ಆಳಿದಳು, ಅದರಷ್ಟು ಶಿಸ್ತಿನ ಕಾಲ ಇನ್ನೊಂದಿರಲಿಲ್ಲ. ಮಲಗಿದವರಿಗೆ ಕಾಣುವುದು ನಿಂತವರಿಗೆ ಕಾಣುವುದಿಲ್ಲ. ಇದು ನನ್ನ ನಲವತ್ತು ವರ್ಷದ ಅನುಭವ.

ಒಂದು ವಿಷಯದಲ್ಲಿ ಮಾತ್ರ ಈ ಗುರಿಕಾರರೆಲ್ಲ ಒಂದೇ ರಾಗ ಎಳೆಯುತ್ತಿದ್ದರು: "ಗಂಜಿಗೆ ಉಪ್ಪಿಲ್ಲ." ಮೊದಲ ತುತ್ತು ಬಾಯಿಗೆ ಹೋಗುವುದೇ ತಡ, ಇದೇ ಮಾತು. ನಾನು "ಹೌದು ಗುರಿಕಾರ್ರೇ" ಎಂದು ತಲೆಬಾಗಿಸಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಜ್ವರದ ನಾಲಿಗೆಗೆ ಉಪ್ಪಿನ ಸುದ್ದಿ ಏನು ಗೊತ್ತು? ಹಂಡೆಗೆ ಮೂರು ಚಿಟಿಕೆ. ನನಗಿಂತ ಮುಂಚೆ ಬಡಿಸುತ್ತಿದ್ದ ಮುದುಕ ಕೈಹಿಡಿದು ಕಲಿಸಿದ ಅಳತೆ. ನಾನು ರುಚಿ ನೋಡುವಂತೆಯೂ ಇರಲಿಲ್ಲ. ಒಡೆಯನ ಅನ್ನಕ್ಕೆ ಆಳು ಬಾಯಿ ಹಾಕಬಾರದು ಎಂಬುದು ಮಠದ ಕಟ್ಟಳೆ. ಸರದಾರರ ಅಡುಗೆಯೇ ಬೇರೆ, ರೋಗಿಗಳ ಗಂಜಿಯೇ ಬೇರೆ. ಒಟ್ಟಿನಲ್ಲಿ ನನ್ನ ಗಂಜಿಯ ಮೇಲೆ ನನಗೆ ಬಹಳ ಹೆಮ್ಮೆಯಿತ್ತು.

ದಳವಾಯಿ ಫಾವ್ಸ್ತಿನನಿಗೆ ಈ ಮಂಚದ ಆಳ್ವಿಕೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಸರದಾರರಲ್ಲೆಲ್ಲ ಹಿರಿಯ ಹುದ್ದೆ ಅವನದು, ವಯಸ್ಸು ನನಗಿಂತ ಇಪ್ಪತ್ತು ಕಡಿಮೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹುಟ್ಟಿದ ಮೇಲೆ ಅವನು ಒಮ್ಮೆಯಾದರೂ ಸೀನಿದ್ದನ್ನು ಕಂಡವರಿಲ್ಲ. ಕೆಟ್ಟವನಲ್ಲ, ಅನ್ಯಾಯದ ಮಾತಾಡಬಾರದು. ಹತ್ತೊಂಬತ್ತು ವರ್ಷಗಳಲ್ಲಿ ಮೂವತ್ತೊಂದು ಗುರಿಕಾರರ ಅಪ್ಪಣೆಯನ್ನು ಗೊಣಗಾಡದೆ ನಡೆಸಿಕೊಟ್ಟಿದ್ದ. ಆದರೆ ಹಿಂದಿನ ಬೇಸಿಗೆಯಲ್ಲಿ ಒಂದು ಎಡವಟ್ಟಾಯಿತು. ಮೇಲಿನ ಕೋಟೆಯ ಅರಸನ ದೂತ ಸೇತುವೆಯ ಕಾವಲಿನ ವಿಷಯ ಮಾತಾಡಲು ಬಂದ. ಆಗಿನ ಗುರಿಕಾರನಿಗೆ ಜ್ವರದ ಭ್ರಮೆ. ದೂತನನ್ನು ತನ್ನ ಅತ್ತೆ ಎಂದು ತಿಳಿದು, ಮದುವೆಯಲ್ಲಿ ಕೊಡುತ್ತೇನೆಂದ ಎಮ್ಮೆ ಎಲ್ಲಿ ಎಂದು ಮೂರು ದಿನ ಬೈದ. ದೂತ ಸಿಟ್ಟಾಗಿ ಹೋದ. ಸೇತುವೆಗೆ ಕಾವಲಿಲ್ಲದೆ ದರೋಡೆಕೋರರು ಬಂದು ದೋಣಿಕಟ್ಟೆ ಸುಟ್ಟರು.

"ಬಾಲ್ತಣ್ಣ, ನೀವೇ ಹೇಳಿ," ಎಂದು ಫಾವ್ಸ್ತಿನ್ ನನ್ನನ್ನು ಕೇಳಿದ, ಸುಟ್ಟ ಕಟ್ಟೆಯ ಬೂದಿ ಇನ್ನೂ ಅವನ ಮೈಮೇಲಿತ್ತು. "ಕಣ್ಣು ಬಿಡ್ಲಿಕ್ಕೆ ಆಗದವ ಊರು ಕಾಯುದು ಹೇಗೆ? ಬೇರೆ ಮಠದವರು ನಮ್ಮನ್ನು ನೋಡಿ ಎಂತ ಹೇಳುದು ಗೊತ್ತುಂಟಾ?"

"ಬೇರೆ ಮಠದ್ದು ನಂಗೂ ಗೊತ್ತುಂಟು ದಳವಾಯಿಗಳೇ," ಎಂದೆ ನಾನು. "ತೆಂಕಣ ಮಠದಲ್ಲಿ ಗಟ್ಟಿಮುಟ್ಟಾದ ಗುರಿಕಾರ ಬಂದ. ಈಗ ಅಲ್ಲಿ ಆಸ್ಪತ್ರೆ ಉಂಟಾ? ಕುದುರೆಲಾಯ ಆಗಿದೆ. ಮಂಚ ಹೋದ್ರೆ ಉಪ್ಪಿನ ಗದ್ದೆಯವರಿಗೆ ನಮ್ಮ ಬಾಗಿಲು ಎಷ್ಟು ದಿನ ತೆರೆದಿರ್ತದೆ?"

ಅವನು ಪೆಟ್ಟಿಗೆಯಿಂದ ಮಠದ ಹಳೆಯ ಶಾಸನಪತ್ರ ತೆಗೆದು, ಯಾರೂ ಓದುವ ಗೋಜಿಗೆ ಹೋಗದ ಕೊನೆಯ ಸಾಲು ತೋರಿಸಿದ. ಹಗ್ಗದ ಮಂಚ ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ, ಒಂದು ಹಗಲು ಪೂರ್ತಿ, ಖಾಲಿ ಬಿದ್ದರೆ ಸರದಾರರು ತಮ್ಮಲ್ಲೊಬ್ಬನನ್ನು ಜೀವಮಾನದ ಗುರಿಕಾರನಾಗಿ ಆರಿಸಿಕೊಳ್ಳತಕ್ಕದ್ದು. ಅಲ್ಲಿಗೆ ಮಂಚದ ಅಧಿಕಾರ ಮುಗಿಯಿತು. ಇನ್ನೂರು ವರ್ಷಗಳಲ್ಲಿ ಮಂಚ ಖಾಲಿ ಬಿದ್ದದ್ದೇ ಇಲ್ಲ. ಊರೆಂದ ಮೇಲೆ ಒಬ್ಬನಾದರೂ ನರಳುತ್ತಿರುತ್ತಾನಲ್ಲ.

"ಹಾಗಾದ್ರೆ ಯಾರೂ ನರಳಬಾರದು," ಎಂದ ಫಾವ್ಸ್ತಿನ್.

ಬೇರೆ ಯಾರೇ ಆಗಿದ್ದರೂ ರೋಗಿಗಳನ್ನು ಬಾಗಿಲಲ್ಲಿ ತಡೆಯುತ್ತಿದ್ದರು, ಇಲ್ಲವೇ ಗಾಡಿ ಹತ್ತಿಸಿ ಪಕ್ಕದೂರಿಗೆ ಸಾಗಿಸುತ್ತಿದ್ದರು. ನಮ್ಮವರಿಗೆ ಆ ಬುದ್ಧಿ ಬರುವುದಿಲ್ಲ. ಆಣೆ ಮಾಡಿದ್ದೇವಲ್ಲ. ಮಂಚ ಖಾಲಿಯಾಗಬೇಕಾದರೆ ಫಾವ್ಸ್ತಿನನಿಗೆ ಇದ್ದದ್ದು ಒಂದೇ ದಾರಿ: ಇಡೀ ಊರನ್ನು ಗುಣಪಡಿಸುವುದು. ಹಟಕ್ಕೆ ಬಿದ್ದ ಮನುಷ್ಯ ಅದಕ್ಕೇ ಕೈಹಾಕಿದ.

ಅದೇ ವಾರ ಮಂಚಕ್ಕೆ ಸೆರಫಿನ್ ಬಾಯಿ ಬಂದಳು. ಐವತ್ತರ ಹೆಂಗಸು, ಹನ್ನೆರಡನೆಯ ವಯಸ್ಸಿನಿಂದ ಉಪ್ಪಿನ ಗದ್ದೆಯಲ್ಲಿ ಉಪ್ಪು ಎಳೆದವಳು. ಉಪ್ಪುನೀರಲ್ಲಿ ನಿಂತು ನಿಂತು ಬಲಗಾಲಿನ ಪಾದ ಒಡೆದು, ಹುಣ್ಣಾಗಿ, ಎರಡು ವರ್ಷದಿಂದ ಮಾಯದೆ ಉಳಿದಿತ್ತು. ಹಗ್ಗ ಅವಳ ಕೆಳಗೆ ಕಿರ್ರೆಂದು ಬಿಗಿಯಿತು. ಕೋಲು ಕೈಗೆ ಕೊಟ್ಟೆವು. ಅವಳು ಅದನ್ನು ತಿರುಗಿಸಿ ನೋಡಿ ಬೆನ್ನು ತುರಿಸಿಕೊಂಡಳು. ಗಂಜಿ ಕುಡಿದು, "ಉಪ್ಪಿಲ್ಲ" ಎಂದಳು. ಉಪ್ಪಿನವಳು, ಅವಳಿಗೆ ಎಷ್ಟು ಹಾಕಿದರೂ ಸಾಲದು ಎಂದುಕೊಂಡು ನಾನು ತಲೆಬಾಗಿಸಿದೆ.

ಆಗ ಫಾವ್ಸ್ತಿನ್ ಅಪ್ಪಣೆ ಕೇಳಲು ಬಂದ. ಕಲ್ಲುನೆಲದ ಮೇಲೆ ಅವನ ಬೂಟು ಖಣ್ ಖಣ್ ಎನ್ನುತ್ತಿತ್ತು.

"ಅದೆಂತ ಶಬ್ದ ಮಾರಾಯ್ರೆ, ತಲೆಗೆ ಹೊಡೆದ ಹಾಗೆ ಆಗ್ತದೆ," ಎಂದಳು ಸೆರಫಿನ್ ಬಾಯಿ. "ತೆಗೀರಿ ಅದನ್ನು. ನೀವು ಒಬ್ರೇ ಅಲ್ಲ, ಸರದಾರ್ರು ಎಲ್ರೂ ತೆಗೀರಿ. ಒಳಗೂ ಬೇಡ, ಹೊರಗೂ ಬೇಡ. ನಾನು ನೆಟ್ಟಗೆ ನಡೆಯುವಲ್ಲಿವರೆಗೆ ನೀವೂ ಬರಿಗಾಲಲ್ಲೇ ನಡೀರಿ. ನೆಲ ಎಂತದ್ದು ಅಂತ ಗೊತ್ತಾಗ್ಲಿ."

ಎಪ್ಪತ್ತು ಜೊತೆ ಬೂಟು ಉಗ್ರಾಣ ಸೇರಿದವು. ಮೊದಲ ದಿನ ನಾವೆಲ್ಲ ಕೆಂಡದ ಮೇಲೆ ನಡೆಯುವ ಕೋಳಿಗಳಂತೆ ಹಾರಿದೆವು. ಎರಡನೆಯ ದಿನ, ಬಾವಿಯ ಸುತ್ತ ಎಷ್ಟು ಕೊಚ್ಚೆಯಿದೆ ಎಂದು ಫಾವ್ಸ್ತಿನನ ಅಂಗಾಲಿಗೆ ಗೊತ್ತಾಯಿತು. ಮೂರನೆಯ ದಿನ ಗುದ್ದಲಿ ಹಿಡಿದ. ಕತ್ತಿ ಹಿಡಿದ ಕೈಗಳೆಲ್ಲ ಚರಂಡಿ ತೋಡಿದವು. ನಿಂತ ನೀರಿನ ಗುಂಡಿಗಳು ಮುಚ್ಚಿದವು, ಬಾವಿಗೆ ಕಟ್ಟೆ ಬಂತು, ಮನೆಮನೆಯಲ್ಲೂ ಕುದಿಸಿದ ನೀರು ಎಂದು ಕಟ್ಟಪ್ಪಣೆಯಾಯಿತು. ಕುದುರೆ ಏರಿದ ಸರದಾರ ಮನೆಯ ಮುಂದೆ ನಿಂತು, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, "ಮಕ್ಕಳ ಉಗುರು ತೋರಿಸಿ" ಎಂದರೆ ಯಾವ ತಾಯಿ ತಾನೇ ಇಲ್ಲವೆಂದಾಳು? ಉಪ್ಪಿನ ಗದ್ದೆಗೆ ಹೋಗಿ ಹೆಂಗಸರ ಜೊತೆ ಒಂದು ದಿನ ಉಪ್ಪುನೀರಲ್ಲಿ ನಿಂತು ಬಂದ ಫಾವ್ಸ್ತಿನ್, ಮಾರನೆಯ ದಿನವೇ ಶವದ ಪೆಟ್ಟಿಗೆ ಮಾಡುವ ಬಡಗಿಯ ಅಂಗಡಿಗೆ ನುಗ್ಗಿದ. ಪೆಟ್ಟಿಗೆಗೆಂದು ಒಟ್ಟಿದ್ದ ಹಲಗೆಗಳೆಲ್ಲ ಎರಡು ವಾರದಲ್ಲಿ ಗದ್ದೆಯ ಹೆಂಗಸರ ಕಾಲಿಗೆ ಹಾವುಗೆಯಾದವು. ಬಡಗಿ ಮೊದಲು ಬಾಯಿ ಬಾಯಿ ಬಡಿದುಕೊಂಡ. ಆಮೇಲೆ, ಹಾವುಗೆ ಸವೆದರೆ ಮತ್ತೆ ಬರುತ್ತಾರೆ, ಪೆಟ್ಟಿಗೆ ಒಯ್ದವರು ಮತ್ತೆ ಬರುವುದಿಲ್ಲ ಎಂದು ಹೊಳೆದು ಸುಮ್ಮನಾದ.

ದಿನವೂ ಸಂಜೆ ಗಂಟೆ ಬಾರಿಸುವ ಮುಂಚೆ ಫಾವ್ಸ್ತಿನ್ ಆಸ್ಪತ್ರೆಯ ನಡುವೆ ನಿಂತು ಒಂದು ಪ್ರಶ್ನೆ ಕೇಳುತ್ತಿದ್ದ: "ಇನ್ನು ಯಾರಾದ್ರೂ ಉಂಟಾ?" ಊರಲ್ಲಿ ಇನ್ನು ಯಾರಾದರೂ ಮಲಗಿದವರಿದ್ದಾರೆಯೇ ಎಂದು ಅದರ ಅರ್ಥ. ಬೀದಿ ತಿರುಗಿ ಬಂದ ಸರದಾರರ ಸುದ್ದಿ ಸೇರಿಸಿ ನಾನು ಉತ್ತರ ಹೇಳಬೇಕು. "ಉಂಟು, ನೇಕಾರರ ಓಣಿಯಲ್ಲಿ ಒಂದು ಕೆಮ್ಮು." ಅಂದೇ ಅವನು ಅಲ್ಲಿಗೆ ಹೋಗುತ್ತಿದ್ದ. "ಉಂಟು, ಬಂದರಿನಲ್ಲಿ ಒಂದು ಕಣ್ಣುಬೇನೆ." ಅಲ್ಲಿಗೂ ಹೋಗುತ್ತಿದ್ದ. ಗಾದಿಯ ಆಸೆಗೆ ಹೊರಟವನು ಊರಿನ ಪ್ರತಿ ಮನೆಯ ಕೆಮ್ಮನ್ನೂ ದನಿಯಿಂದಲೇ ಗುರುತಿಸುವವನಾದ. ನಲವತ್ತು ಮಂಚ ಮೂವತ್ತಾಯಿತು, ಹದಿನೈದಾಯಿತು, ಐದಾಯಿತು. ನನ್ನ ಹಂಡೆ ಅರ್ಧಕ್ಕಿಳಿಯಿತು.

ಊರಿನವರಿಗೆ ಸಂಗತಿ ತಿಳಿಯದೆ ಇರುತ್ತದೆಯೇ? ಮಂಚ ಹೋದರೆ ತಮ್ಮ ಮಾತು ಕೇಳುವವರಿಲ್ಲ ಎಂದು ಎಲ್ಲರಿಗೂ ಗೊತ್ತು. ಒಬ್ಬನಾದರೂ ಕಾಯಿಲೆ ಬೀಳಬೇಕೆಂದು ಊರೇ ಪಣತೊಟ್ಟಿತು. ಅಗಸಗಿತ್ತಿಯರು ಮಧ್ಯಾಹ್ನದವರೆಗೆ ಒದ್ದೆ ಬಟ್ಟೆಯಲ್ಲೇ ಕುಳಿತರು; ಮೈ ತಂಪಾಯಿತೇ ಹೊರತು ಶೀತ ಹತ್ತಲಿಲ್ಲ. ರೊಟ್ಟಿ ಸುಡುವವನೊಬ್ಬ ಇಡೀ ಹಲಸಿನ ಹಣ್ಣು ತಿಂದು ಮೇಲೆ ಒಂದು ಚೊಂಬು ಮಜ್ಜಿಗೆ ಕುಡಿದ. ಒಂದು ತೇಗು ಬಂತು, ಅಷ್ಟೇ. ಜ್ವರ ಬರಲೆಂದು ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿದವರನ್ನು ನಾನು ಬೇರೆ ಯಾವ ಊರಲ್ಲೂ ಕೇಳಿಲ್ಲ. ಫಾವ್ಸ್ತಿನ್ ಮಾಡಿದ ಕೆಲಸ ಅಷ್ಟು ಗಟ್ಟಿಯಾಗಿತ್ತು.

ಕೊನೆಗೆ ಉಳಿದವಳು ಸೆರಫಿನ್ ಬಾಯಿ ಒಬ್ಬಳೇ. ಎರಡು ವರ್ಷದ ಹುಣ್ಣು, ಸುಲಭಕ್ಕೆ ಬಗ್ಗಲಿಲ್ಲ. ಫಾವ್ಸ್ತಿನ್ ಅದನ್ನು ಬೇರೆಯವರ ಕೈಗೆ ಬಿಡದೆ ತಾನೇ ನೆಲದ ಮೇಲೆ ಕುಳಿತು ದಿನಕ್ಕೆ ಎರಡು ಸಲ ತೊಳೆದ, ಬೇವಿನೆಣ್ಣೆ ಹಚ್ಚಿದ, ಬಟ್ಟೆ ಕಟ್ಟಿದ. ಅವಳ ನಾಲಿಗೆಯೂ ಅವನ ಕೈಯಷ್ಟೇ ಚುರುಕು.

"ನನ್ನನ್ನು ಇಳಿಸ್ಲಿಕ್ಕೆ ಎಷ್ಟು ಕಷ್ಟ ಪಡ್ತೀರಿ ದಳವಾಯಿಗಳೇ," ಎನ್ನುತ್ತಿದ್ದಳು. "ಇಷ್ಟು ಪ್ರೀತಿಯಿಂದ ನನ್ನ ಗಂಡನೂ ಕಾಲು ಮುಟ್ಟಲಿಲ್ಲ."

"ಅಲ್ಲಾಡ್ಬೇಡಿ ಗುರಿಕಾರ್ರೇ," ಎನ್ನುತ್ತಿದ್ದ ಅವನು, ಮುಖ ಎತ್ತದೆ.

ಏಳನೆಯ ವಾರ ಹುಣ್ಣಿನ ಅಂಚು ಕೂಡತೊಡಗಿತು. ಹಗ್ಗ ಒಂದು ಬೆರಳು ಇಳಿಯಿತು. ಮರುದಿನ ಇನ್ನೊಂದು. ನನ್ನ ಎದೆಯೂ ಅದರ ಜೊತೆಗೇ ಇಳಿಯಿತು. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ನಾನು ಗಂಜಿಯ ಬಟ್ಟಲು ಹಿಡಿದು ಅವಳ ಕಿವಿಯ ಹತ್ತಿರ ಬಗ್ಗಿದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

"ಬಾಯಿ, ಅದನ್ನು ಸ್ವಲ್ಪ ಕೆರೆದ್ರೆ ಆಯ್ತು. ಉಗುರಿನಲ್ಲಿ ಒಂದು ಗೀರು. ಮಂಚ ಉಳಿತದೆ."

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ದಿಟ್ಟಿಸಿದಳು. "ಬಾಲ್ತಣ್ಣ, ನಾನು ಇಲ್ಲಿಗೆ ಬಂದದ್ದು ಎಂತಕ್ಕೆ? ಗುಣ ಆಗ್ಲಿಕ್ಕೆ. ಕೋಲು ಹಿಡೀಲಿಕ್ಕೆ ಅಲ್ಲ. ಹುಣ್ಣು ಕೆರೆದು ಗಾದಿ ಉಳಿಸಿಕೊಂಡ್ರೆ ಆ ಗಾದಿಗೆ ಮರ್ಯಾದೆ ಉಂಟಾ? ಹೋಗಿ. ಹೋಗಿ ಉಪ್ಪು ತನ್ನಿ."

ನಾನು ಉಪ್ಪು ತರಲಿಲ್ಲ, ಅಳುತ್ತ ಹಂಡೆಯ ಹತ್ತಿರ ಹೋದೆ.

ಎಂಟು ದಿನಗಳ ಮೇಲೆ, ಬೆಳಗಿನ ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಸೆರಫಿನ್ ಬಾಯಿಯ ಬೆನ್ನು ನೆಲಕ್ಕೆ ತಾಗಿತು. ಅವಳು ಎದ್ದಳು, ಪಾದವನ್ನು ತಿರುಗಿಸಿ ನೋಡಿದಳು. ಅಲ್ಲಿ ಎಳೆಯ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಕೋಲನ್ನು ದಿಂಬಿನ ಮೇಲಿಟ್ಟಳು. ಹಾವುಗೆ ಮೆಟ್ಟಿ, ಟಕ್ ಟಕ್ ಎಂದು ನಲವತ್ತು ಖಾಲಿ ಮಂಚಗಳ ನಡುವೆ ನೆಟ್ಟಗೆ ನಡೆದು ಹೊರಗೆ ಹೋದಳು. ನೆಟ್ಟಗೆ ನಡೆದಳಲ್ಲ, ಅವಳ ಅಪ್ಪಣೆಯೂ ಮುಗಿಯಿತು. ಸರದಾರರೆಲ್ಲ ಬೂಟಿಗಾಗಿ ಉಗ್ರಾಣಕ್ಕೆ ಓಡಿದರು. ಫಾವ್ಸ್ತಿನ್ ಮಾತ್ರ ಬರಿಗಾಲಲ್ಲೇ ಉಳಿದ. ಗೆದ್ದ ದಿನ ವಿನಯ ತೋರಿಸುತ್ತಿದ್ದಾನೆ ಎಂದುಕೊಂಡು ನಾನು ಮನಸ್ಸಿನಲ್ಲೇ ಬೈದೆ.

ಆ ಹಗಲು ಮುಗಿಯುವುದೇ ಇಲ್ಲವೆಂಬಂತೆ ಎಳೆಯಿತು, ಮುಗಿದುಹೋಗುತ್ತದೆಂಬಂತೆಯೂ ಓಡಿತು. ಫಾವ್ಸ್ತಿನ್ ಮೋಸ ಮಾಡುವವನಲ್ಲ. ಯಾರನ್ನಾದರೂ ಬಿಟ್ಟಿದ್ದೇನೆಯೇ ಎಂದು ಕೊನೆಯ ಸಲ ಇಡೀ ಊರು ಸುತ್ತಿದ. ಇತ್ತ ನಾನು ಬಾಗಿಲು ಮುಂದೆ ಮಾಡಿಕೊಂಡು ಮಂಚದ ಮೇಲೆ ಮಲಗಿ ನೋಡಿದೆ. ಅರುವತ್ತು ದಾಟಿದವನು, ಮೊಣಕಾಲು ನೋವು ಹತ್ತು ವರ್ಷದ್ದು. ದೊಪ್! ಮೊಣಕಾಲು ನೋವನ್ನು ಹಗ್ಗ ಲೆಕ್ಕಕ್ಕೇ ಹಿಡಿಯಲಿಲ್ಲ. ಸೊಂಟ ಹಿಡಿದುಕೊಂಡು ಎದ್ದು ಬಾಗಿಲು ತೆರೆದರೆ, ಊರೆಲ್ಲ ಅಂಗಳದಲ್ಲಿ ನಿಂತಿತ್ತು. ಎಲ್ಲರ ಕೆನ್ನೆಯಲ್ಲೂ ಆರೋಗ್ಯದ ಕೆಂಪು, ಎಲ್ಲರ ಕಣ್ಣಲ್ಲೂ ಹೊಳಪು, ಒಬ್ಬರ ಮುಖದಲ್ಲೂ ನಗುವಿಲ್ಲ.

ಸಂಜೆ ಬಿಸಿಲು ಪಶ್ಚಿಮದ ಬಾಗಿಲಿನಿಂದ ಒಳಗೆ ಬಂದಾಗ ಫಾವ್ಸ್ತಿನ್ ಮರಳಿದ. ಸರದಾರರು ಬೂಟು ಉಜ್ಜಿ, ನಿಲುವಂಗಿ ಒಗೆಸಿ ಎರಡು ಸಾಲಾಗಿ ನಿಂತಿದ್ದರು. ಯಾರನ್ನು ಆರಿಸುತ್ತಾರೆಂದು ಕೇಳುವುದೇ ಬೇಡ. ಗಂಟೆ ಬಾರಿಸುವವನು ಗಂಟೆಯ ಹಗ್ಗದ ಹತ್ತಿರ ಹೋಗಿ ನಿಂತ. ಫಾವ್ಸ್ತಿನ್ ಸಾಲಿನ ನಡುವೆ ನಡೆದು ಬಂದ. ಅವನ ಹಿಂದೆ, ಕಲ್ಲಿನ ನೆಲದ ಮೇಲೆ, ಒಂದು ಬಿಟ್ಟು ಒಂದು ಹೆಜ್ಜೆಗೆ ಒದ್ದೆಯ ಗುರುತು ಬೀಳುತ್ತಿತ್ತು. ನೀರಲ್ಲ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಕಳೆದವನಿಗೆ ರಕ್ತ ಬೆರೆತ ಕೀವು ಗೊತ್ತಾಗದೆ ಇರುತ್ತದೆಯೇ? ಅಂದು ಉಪ್ಪಿನ ಗದ್ದೆಯ ನೀರು ಅವನ ಅಂಗಾಲನ್ನೂ ಸೀಳಿತ್ತು, ಬರಿಗಾಲಿನ ತಿರುಗಾಟದಲ್ಲಿ ಅದು ಮಾಯದೆ ಹುಣ್ಣಾಗಿತ್ತು. ಬೂಟು ಹಾಕದಿದ್ದದ್ದು ವಿನಯದಿಂದಲ್ಲ, ಊದಿದ ಕಾಲಿಗೆ ಬೂಟು ಏರುತ್ತಿರಲಿಲ್ಲ.

"ದಳವಾಯಿಗಳೇ, ಕಾಲು..." ಎಂದೆ ಮೆಲ್ಲಗೆ.

"ಕಾಲಿಗೆ ಎಂತ ಆಗ್ಲಿಲ್ಲ," ಎಂದ ಅವನೂ ಅಷ್ಟೇ ಮೆಲ್ಲಗೆ.

ನಾನು ಕೂಗಿ ಹೇಳಬಹುದಿತ್ತು. ಹೇಳಿ ಏನು ಫಲ? ಒಲ್ಲದವನನ್ನು ಎಳೆದು ಮಲಗಿಸಲು ಯಾವ ಕಟ್ಟಳೆಯೂ ಇಲ್ಲ. ರೋಗಿ ತಾನೇ ರೋಗಿಯೆಂದು ಬರಬೇಕು. ಇನ್ನು ಒಂದು ಪ್ರಾರ್ಥನೆ ಹೇಳುವಷ್ಟು ಹೊತ್ತು ಬಾಯಿ ಮುಚ್ಚಿ ನಿಂತರೆ ಅವನು ಸಾಯುವವರೆಗೆ ಗುರಿಕಾರ. ಬಾಯಿ ತೆರೆದರೆ ಕಾಲು ಮಾಯುವವರೆಗೆ ಮಾತ್ರ. ಗಂಟೆಯವನು ಅವನ ಮುಖ ನೋಡಿದ, ಬಾರಿಸಲೇ ಎಂದು. ದಿನವೂ ಆ ಹೊತ್ತಿಗೆ ಆ ಜಾಗದಲ್ಲಿ ನಿಂತು ಆಡಿದ ಮಾತು ಎರಡು ತಿಂಗಳಲ್ಲಿ ಫಾವ್ಸ್ತಿನನ ನಾಲಿಗೆಗೆ ಅಂಟಿಹೋಗಿತ್ತು. ಅದು ತಾನಾಗಿ ಹೊರಗೆ ಬಂತು.

"ಇನ್ನು ಯಾರಾದ್ರೂ ಉಂಟಾ?"

ಕೇಳಿದ ಮೇಲೆ ತಾನೇ ಬೆಚ್ಚಿದ. ನಾನು ಅವನ ಪಾದದಿಂದ ಕಣ್ಣು ಕೀಳಲಿಲ್ಲ. "ಇವತ್ತು ನೀವೇ ಹೇಳ್ಬೇಕು ದಳವಾಯಿಗಳೇ," ಎಂದೆ.

 ಬಾಗಿಲಲ್ಲಿ ಸೆರಫಿನ್ ಬಾಯಿ ನಿಂತಿದ್ದಳು. ಅವಳ ಕಣ್ಣೂ ನೆಲದ ಮೇಲಿನ ಗುರುತನ್ನು ಕಂಡಿತ್ತು. ಫಾವ್ಸ್ತಿನ್ ನಲವತ್ತು ಖಾಲಿ ಮಂಚಗಳನ್ನು ಒಂದೊಂದಾಗಿ ನೋಡಿದ. ಎಷ್ಟು ಮನೆಗಳ ಬಾಗಿಲು ತಟ್ಟಿದ್ದ, ಎಷ್ಟು ಜನ "ನಂಗೆ ಎಂತ ಆಗ್ಲಿಲ್ಲ" ಎಂದು ಮುಚ್ಚಿಟ್ಟ ಗಾಯಗಳನ್ನು ಬೈದು ಬಿಚ್ಚಿಸಿದ್ದ! 

"ಉಂಟು," ಎಂದ. "ಒಬ್ಬ ಉಂಟು ಬಾಲ್ತಣ್ಣ. ಊರಲ್ಲಿ ಒಬ್ಬನೂ ಉಳೀಬಾರದು ಅಂತ ಹೇಳಿದವ ನಾನೇ." ನಿಲುವಂಗಿ ಎತ್ತಿ ಪಾದ ತೋರಿಸಿದ. ಕುಂಟುತ್ತ, ಈಗ ಮುಚ್ಚಿಡುವ ಗೋಜಿಲ್ಲದೆ ಸರಿಯಾಗಿ ಕುಂಟುತ್ತ, ಪೂರ್ವದ ಕಿಟಕಿಯ ಹತ್ತಿರ ಹೋಗಿ ಮಂಚದ ಮೇಲೆ ಮೈಚಾಚಿದ.

ಹಗ್ಗ ಕಿರ್ರೆಂದಿತು. ಆ ಬಾಗಿಲೆತ್ತರದ ಆಳನ್ನು ಮಗುವನ್ನೆತ್ತಿಕೊಂಡಂತೆ ಎತ್ತಿ ಹಿಡಿಯಿತು. ಆಗ ಎದ್ದ ಕೇಕೆಗೆ ಮಾಡಿನ ಪಾರಿವಾಳಗಳೆಲ್ಲ ಹಾರಿದವು. ಅಂಗಳದ ಜನ ಒಳಗೆ ನುಗ್ಗಿದರು, ಸರದಾರರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಗಂಟೆಯವನು ಸಂಜೆಯ ಗಂಟೆಯನ್ನು ಹಬ್ಬದ ಗಂಟೆಯಂತೆ ಬಡಿದೇ ಬಡಿದ. ನಾನು ಕೋಲನ್ನು ಫಾವ್ಸ್ತಿನನ ಕೈಗೆ ಕೊಟ್ಟೆ. ಅವನ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯುತ್ತಿತ್ತು.

"ಹಿಡೀತು ಬಾಲ್ತಣ್ಣ," ಎಂದ. "ನನ್ನನ್ನೂ ಹಿಡೀತು."

ಸೆರಫಿನ್ ಬಾಯಿ ಜನರನ್ನು ಮೊಣಕೈಯಿಂದ ಸರಿಸಿ ಬಂದು ನೆಲದ ಮೇಲೆ ಕುಳಿತಳು. "ಎಲ್ಲಿ, ಕಾಲು ಕೊಡಿ. ಅಲ್ಲಾಡ್ಬೇಡಿ ಗುರಿಕಾರ್ರೇ," ಎಂದಳು.

ಇಪ್ಪತ್ತಾರು ದಿನ ಫಾವ್ಸ್ತಿನ್ ಆಳಿದ. ಮೊದಲ ಗುಟುಕಿಗೇ "ಗಂಜಿಗೆ ಉಪ್ಪಿಲ್ಲ" ಎಂದ. ಇವನೂ ಸರಿಯಾದ ಗುರಿಕಾರನೇ ಎಂದು ನನಗೆ ಸಮಾಧಾನವಾಯಿತು. ಮೇಲಿನ ಕೋಟೆಯ ದೂತ ಮತ್ತೆ ಬಂದಾಗ, ಪಾದ ತೊಳೆಯುವ ನೀರಿನ ತಟ್ಟೆಯನ್ನು ಅವನ ಕೈಗೆ ಕೊಟ್ಟು ಹಿಡಿದುಕೊಳ್ಳಲು ಹೇಳಿದ. ತಟ್ಟೆ ಹಿಡಿದವನಿಗೆ ಜಂಬ ಎಲ್ಲಿಂದ ಬರಬೇಕು? ಸೇತುವೆಯ ಕಾವಲು ಅರ್ಧ ಗಳಿಗೆಯಲ್ಲಿ ತೀರ್ಮಾನವಾಯಿತು. ಗುರಿಕಾರನಿಗೆ ಭ್ರಮೆ ಹಿಡಿದರೆ ಅವನ ಪಕ್ಕದ ಮಂಚದವನು ಮಾತಾಡತಕ್ಕದ್ದು ಎಂದೂ ಕಟ್ಟಳೆ ಬರೆಸಿದ. ಆಮೇಲೆ ಶಾಸನಪತ್ರ ತರಿಸಿ, ಕೊನೆಯ ಸಾಲನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿ, ಹೊಸದು ಹೇಳಿ ಬರೆಸಿದ: ಹಗ್ಗದ ಮಂಚ ಖಾಲಿ ಬಿದ್ದ ದಿನ ಯಾರನ್ನೂ ಆರಿಸಕೂಡದು. ಅಂದು ಖಾಲಿ ಮಂಚವೇ ಗುರಿಕಾರ. ಊರಿಗೆಲ್ಲ ಹಬ್ಬ, ಬೆಳಗಿನಿಂದ ಸಂಜೆಯವರೆಗೆ ಗಂಟೆ. ಒಡೆಯ ಮನೆಗೆ ಹೋದ ದಿನ ಒಡೆಯನ ಅನ್ನ ಆಳಿಗೆ ಸಲ್ಲುತ್ತದೆ.

ಇಪ್ಪತ್ತೇಳನೆಯ ದಿನ ಅವನ ಬೆನ್ನು ನೆಲಕ್ಕೆ ತಾಗಿತು. ಬಿದ್ದಲ್ಲೇ ಬಿದ್ದುಕೊಂಡು ಗಹಗಹಿಸಿ ನಕ್ಕ. ಕೋಲನ್ನು ದಿಂಬಿನ ಮೇಲಿಟ್ಟ. ಊರಲ್ಲಿ ಒಂದು ಕೆಮ್ಮೂ ಇರಲಿಲ್ಲ. ಇನ್ನೂರು ವರ್ಷದಲ್ಲಿ ಮೊದಲ ಸಲ ನಾವು ಖಾಲಿ ಮಂಚದ ಹಬ್ಬ ಮಾಡಿದೆವು. ಉಪ್ಪಿನ ಗದ್ದೆಯವರು, ಬಂದರಿನವರು, ಪೆಟ್ಟಿಗೆಯ ಬಡಗಿ ಎಲ್ಲರೂ ಸರದಾರರ ಜೊತೆ ಪಂಕ್ತಿಯಲ್ಲಿ ಕುಳಿತರು. ನಾನು ತುಂಬಿದ ಹಂಡೆಯಿಂದ ಎಲ್ಲರಿಗೂ ಬಡಿಸಿ, ನಲವತ್ತು ವರ್ಷದ ಮೇಲೆ ಮೊದಲ ಸಲ ನನ್ನ ಬಟ್ಟಲಿಗೂ ಹಾಕಿಕೊಂಡು, ಹೆಮ್ಮೆಯಿಂದ ಒಂದು ಗುಟುಕು ಕುಡಿದೆ.

ಉಪ್ಪಿರಲಿಲ್ಲ.

ಉಪ್ಪೇ ಇರಲಿಲ್ಲ! ಒಲೆಯ ಬೂದಿಗೆ ಇದಕ್ಕಿಂತ ರುಚಿಯಿದ್ದೀತು. ತಲೆಯೆತ್ತಿದರೆ ಇಡೀ ಪಂಕ್ತಿ ಗಂಜಿ ಬಿಟ್ಟು ನನ್ನನ್ನೇ ನೋಡುತ್ತಿತ್ತು. ಅಲ್ಲಿ ಕುಳಿತಿದ್ದವರಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಆ ಮಂಚದ ಮೇಲೆ ಮಲಗಿ ಆ ಅಪ್ಪಣೆ ಕೊಟ್ಟವರು. ಮಾಡು ಹತ್ತು ಎಂದರೆ ಹತ್ತಿದ್ದೆ, ಬೂಟು ಬಿಡು ಎಂದರೆ ಬಿಟ್ಟಿದ್ದೆ, ಈ ಒಂದು ಮಾತನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಮಂಚ ಉಳಿಸಬೇಕೆಂದು ದಳವಾಯಿಗೇ ಬುದ್ಧಿ ಹೇಳಿದವನು ನಾನು! ನನಗೆ ಅಳು ಬಂತು, ನಗೆಯೂ ಬಂತು.

ಸೆರಫಿನ್ ಬಾಯಿ ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಎರಡೂ ಕೈ ತುಂಬ ಬಿಳಿ ಹರಳುಪ್ಪು ಸುರಿದಳು.  ನಾನು ನೋಯುವ ಮೊಣಕಾಲನ್ನು ಖಾಲಿ ಮಂಚದ ಮುಂದೆ ಊರಿ, ಬಗ್ಗಿ, "ಹೌದು ಗುರಿಕಾರ್ರೇ" ಎಂದೆ. ಆಮೇಲೆ ಎದ್ದು ಹೋಗಿ, ಬೊಗಸೆಯ ಉಪ್ಪನ್ನೆಲ್ಲ ಹಂಡೆಗೆ ಸುರಿದು, ಎಲ್ಲರಿಗೂ ಇನ್ನೊಮ್ಮೆ ಬಡಿಸಿದೆ.